ನೆಲಮಾಳಿಗೆಯಿಂದ ಟಿವಿ ಪರದೆಗೆ: ಎಲೆಕ್ಟ್ರಾನಿಕ್ ಸಂಗೀತ ಮತ್ತು ಎಂಟಿವಿ ಕಾಲದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕ್ಲಬ್ಬುಗಳ ನೆಲಮಾಳಿಗೆ, ಪಾಳುಬಿದ್ದ ಗೋದಾಮು ಮತ್ತು ಊರಾಚೆಯ ಬಯಲುಗಳಲ್ಲಿ ಬೆಳೆದ ಒಂದು ಸಂಗೀತ 1990ರ ದಶಕದಲ್ಲಿ ಟಿವಿಯ ಮೂಲಕ ಮನೆಮನೆಗೆ ಬಂದಿತು. ಆ ಪಯಣದ ಬಗ್ಗೆ ಆಸಕ್ತರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ.

ಅಂಡರ್‌ಗ್ರೌಂಡ್ ಎಲೆಕ್ಟ್ರಾನಿಕ್ ಸಂಗೀತ ಎಂದು ಇಲ್ಲಿ ಕರೆಯುತ್ತಿರುವುದು ಯಾವುದನ್ನು?

ಮುಖ್ಯವಾಗಿ ಎರಡು ಅಮೆರಿಕನ್ ನಗರಗಳಲ್ಲಿ ಹುಟ್ಟಿದ ಸಂಗೀತವನ್ನು. ಶಿಕಾಗೋದಲ್ಲಿ 1977ರಲ್ಲಿ ಆರಂಭವಾದ ವೇರ್‌ಹೌಸ್ ಎಂಬ ಕ್ಲಬ್ಬಿನಲ್ಲಿ ಡಿಜೆ ಫ್ರಾಂಕಿ ನಕಲ್ಸ್ ನುಡಿಸುತ್ತಿದ್ದ ಸಂಗೀತದಿಂದ ಹೌಸ್ ಎಂಬ ಪ್ರಕಾರ ಬೆಳೆಯಿತು. ಅಲ್ಲಿಗೆ ಕುಣಿಯಲು ಬರುತ್ತಿದ್ದವರಲ್ಲಿ ಹೆಚ್ಚಿನವರು ಕಪ್ಪು ಮತ್ತು ಲ್ಯಾಟಿನೋ ಸಮುದಾಯಗಳ ಸಲಿಂಗಿ ಯುವಕರು. ಡೆಟ್ರಾಯಿಟ್ ಹೊರವಲಯದ ಬೆಲ್‌ವಿಲ್‌ನಲ್ಲಿ ಒಂದೇ ಹೈಸ್ಕೂಲಿನಲ್ಲಿ ಓದಿದ ವಾನ್ ಆಟ್ಕಿನ್ಸ್, ಡೆರಿಕ್ ಮೇ ಮತ್ತು ಕೆವಿನ್ ಸಾಂಡರ್ಸನ್ ಎಂಬ ಮೂವರು ಗೆಳೆಯರಿಂದ ಟೆಕ್ನೋ ರೂಪುಗೊಂಡಿತು.

ಎರಡಕ್ಕೂ ಆಧಾರವಾದದ್ದು ಜಪಾನಿನ ರೋಲೆಂಡ್ ಕಂಪನಿಯ ಕೆಲವು ಅಗ್ಗದ ಯಂತ್ರಗಳು. ಅವುಗಳಲ್ಲಿ ಟಿಬಿ-303 ಎಂಬುದನ್ನು ಬಾಸ್ ಗಿಟಾರಿಗೆ ಬದಲಿಯಾಗಿ ಮಾರಲು ತಯಾರಿಸಲಾಗಿತ್ತು. ಅದು ಬಾಸ್ ಗಿಟಾರಿನಂತೆ ಸ್ವಲ್ಪವೂ ಕೇಳಿಸುತ್ತಿರಲಿಲ್ಲವಾದ್ದರಿಂದ ಮಾರುಕಟ್ಟೆಯಲ್ಲಿ ಸೋತು, 1984ರ ಹೊತ್ತಿಗೆ ಉತ್ಪಾದನೆಯೇ ನಿಂತು, ಸೆಕೆಂಡ್ ಹ್ಯಾಂಡ್ ಅಂಗಡಿಗಳ ಮೂಲೆ ಸೇರಿತು. ಅಲ್ಲಿಂದ ಅದನ್ನು ಎತ್ತಿಕೊಂಡು ಬಂದು, ಅದರ ಗುಂಡಿಗಳನ್ನು ಮನಸೋಇಚ್ಛೆ ತಿರುಗಿಸುತ್ತಾ ಶಿಕಾಗೋದ ಫ್ಯೂಚರ್ ತಂಡ 1987ರಲ್ಲಿ ಹೊರತಂದ ಧ್ವನಿಮುದ್ರಿಕೆಯಿಂದ ಆ್ಯಸಿಡ್ ಹೌಸ್ ಎಂಬ ಪ್ರಕಾರವೇ ಹುಟ್ಟಿತು. ಇಂತಹ ರೆಕಾರ್ಡುಗಳನ್ನು ಪುಟ್ಟ ರೆಕಾರ್ಡ್ ಕಂಪನಿಗಳು ಕಡಿಮೆ ಸಂಖ್ಯೆಯಲ್ಲಿ ಒತ್ತಿಸುತ್ತಿದ್ದವು. ಎಷ್ಟೋ ಸಲ ರೆಕಾರ್ಡಿಗೆ ಅಂಟಿಸಿದ ಚೀಟಿಯ ಮೇಲೆ ಕಲಾವಿದರ ಹೆಸರೂ ಇರುತ್ತಿರಲಿಲ್ಲ.

ಈ ಸಂಗೀತ ಟಿವಿಗೆ ಒಗ್ಗದಿರಲು ಕಾರಣವೇನು?

1981ರ ಆಗಸ್ಟ್ 1ರಂದು ಆರಂಭವಾದ ಎಂಟಿವಿ ಎಂಬ ಅಮೆರಿಕದ ಸಂಗೀತ ವಾಹಿನಿ ನಿಂತಿದ್ದುದು ಮುಖದ ಮೇಲೆ. ಮೂರು ನಾಲ್ಕು ನಿಮಿಷದ ಹಾಡು, ಅದನ್ನು ಹಾಡುವ ಒಬ್ಬ ವ್ಯಕ್ತಿ, ಆ ವ್ಯಕ್ತಿಯ ಕೇಶವಿನ್ಯಾಸ, ಉಡುಗೆ, ತುಟಿಗಳ ಚಲನೆ, ಇವೇ ಅದರ ಸಾಮಗ್ರಿ. ಕ್ಲಬ್ಬಿನ ಸಂಗೀತದಲ್ಲಿ ಇವು ಯಾವುವೂ ಇರಲಿಲ್ಲ. ಅದರಲ್ಲಿ ಹಾಡುಗಾರರು ಇರಬೇಕೆಂಬ ನಿಯಮವಿಲ್ಲ. ಒಂದು ಟ್ರ್ಯಾಕ್ ಎಂಟು ಹತ್ತು ನಿಮಿಷ ಎಳೆಯುತ್ತದೆ. ಡಿಜೆ ಕತ್ತಲಲ್ಲಿ, ಎಷ್ಟೋ ಕಡೆ ಕುಣಿಯುವವರ ಕಣ್ಣಿಗೆ ಬೀಳದ ಮೂಲೆಯಲ್ಲಿ ನಿಂತಿರುತ್ತಾನೆ. ಮುಖ ಕಾಣದಿರುವುದು ಅವರಿಗೆ ಕೊರತೆಯಾಗಿರಲಿಲ್ಲ, ಅದು ಅವರು ಬೇಕೆಂದೇ ಮಾಡಿಕೊಂಡ ಆಯ್ಕೆಯಾಗಿತ್ತು. ನನ್ನ ದೃಷ್ಟಿಯಲ್ಲಿ ಈ ಇಡೀ ಅಧ್ಯಾಯದ ಒಳ್ಳೆಯದು ಕೆಟ್ಟದ್ದೆಲ್ಲವೂ ಇಲ್ಲಿಂದಲೇ ಹೊರಡುತ್ತದೆ: ಮುಖ ಬೇಡವೆಂದ ಸಂಗೀತದಿಂದ ಟಿವಿ ಒಂದು ಮುಖವನ್ನು ಕೇಳಿತು.

ಬ್ರಿಟನ್ನಿನ ಕಲಾವಿದರು ಈ ಇಕ್ಕಟ್ಟನ್ನು ಎದುರಿಸಿದ ಬಗೆಯನ್ನು ಬಿಬಿಸಿಯ ಟಾಪ್ ಆಫ್ ದಿ ಪಾಪ್ಸ್ ಕಾರ್ಯಕ್ರಮದಲ್ಲಿ ನೋಡಬಹುದಿತ್ತು. ಆಲ್ಟರ್ನ್-8 ಜೋಡಿ ಧೂಳು ತಡೆಯುವ ಮಾಸ್ಕ್ ಮತ್ತು ರಾಸಾಯನಿಕ ಯುದ್ಧದ ದಿರಿಸು ತೊಟ್ಟು ಬಂದಿತು. 1992ರಲ್ಲಿ ದಿ ಆರ್ಬ್ ತಂಡದ ಹೆಚ್ಚೂಕಡಿಮೆ 40 ನಿಮಿಷ ಉದ್ದದ ಸಿಂಗಲ್ ಜನಪ್ರಿಯತೆಯ ಪಟ್ಟಿಯಲ್ಲಿ 8ನೇ ಸ್ಥಾನಕ್ಕೆ ಏರಿದಾಗ ಆ ಕಾರ್ಯಕ್ರಮದವರು ಅವರನ್ನೂ ಕರೆಯಬೇಕಾಯಿತು. ಅವರು ವೇದಿಕೆಗೆ ಬಂದು, ತಮ್ಮ ಸಂಗೀತ ಮೊಳಗುತ್ತಿದ್ದಷ್ಟು ಹೊತ್ತೂ ಎದುರುಬದುರು ಕುಳಿತು ಚೆಸ್ ಆಡಿದರು. ನುಡಿಸುವಂತೆ ನಟಿಸುವುದಕ್ಕಿಂತ ಅದೇ ಹೆಚ್ಚು ಪ್ರಾಮಾಣಿಕವಾಗಿತ್ತು.

ಎಂಟಿವಿಗೆ ಮೊದಲು ಯಾವ ಟಿವಿಯೂ ಇದನ್ನು ತೋರಿಸಲಿಲ್ಲವೇ?

ತೋರಿಸಿತ್ತು. ಈ ಭಾಗವನ್ನು ಎಲ್ಲರೂ ಮರೆತಿರುವುದು ನನಗೆ ಬೇಸರದ ಸಂಗತಿ. ಡೆಟ್ರಾಯಿಟ್‌ನಲ್ಲಿ ಕಪ್ಪು ಸಮುದಾಯದವರೇ ನಡೆಸುತ್ತಿದ್ದ ಡಬ್ಲ್ಯುಜಿಪಿಆರ್ ಎಂಬ ಸ್ಥಳೀಯ ವಾಹಿನಿಯಲ್ಲಿ ಮೊದಲು ದಿ ಸೀನ್, ಅದು ನಿಂತ ಮೇಲೆ ದಿ ನ್ಯೂ ಡಾನ್ಸ್ ಶೋ ಎಂಬ ಕಾರ್ಯಕ್ರಮಗಳು ಬರುತ್ತಿದ್ದವು. ಎರಡು ಸಾಲಾಗಿ ನಿಂತವರ ನಡುವೆ ಜೋಡಿಗಳು ಕುಣಿಯುತ್ತಾ ಕ್ಯಾಮೆರಾದತ್ತ ಬರುತ್ತಿದ್ದರು. ಹಿನ್ನೆಲೆಯಲ್ಲಿ ಅದೇ ಊರಿನ ಟೆಕ್ನೋ. ಅಲ್ಲಿ ಸಂಗೀತಕ್ಕೆ ಮುಖ ಬೇಕಾಗಲಿಲ್ಲ, ಏಕೆಂದರೆ ಕುಣಿಯುತ್ತಿದ್ದ ನೆರೆಹೊರೆಯವರೇ ಅದರ ಮುಖವಾಗಿದ್ದರು. ಟಿವಿಗೂ ಈ ಸಂಗೀತಕ್ಕೂ ಬೇರೆ ಬಗೆಯ ಸಂಬಂಧ ಸಾಧ್ಯವಿತ್ತು ಎಂಬುದಕ್ಕೆ ಆ ಹಳೆಯ ವಿಡಿಯೋ ಟೇಪುಗಳೇ ಪುರಾವೆ.

ಯುರೋಪಿನಲ್ಲಿ ಈ ಬದಲಾವಣೆ ಹೇಗಾಯಿತು?

ಅಮೆರಿಕಕ್ಕಿಂತ ಮೊದಲು, ಹೆಚ್ಚು ಸಹಜವಾಗಿ ಆಯಿತು. ಬ್ರಿಟನ್ನಿನಲ್ಲಿ ಶಿಕಾಗೋದ ಸ್ಟೀವ್ ಸಿಲ್ಕ್ ಹರ್ಲಿಯ ಒಂದು ಹೌಸ್ ಟ್ರ್ಯಾಕ್ 1987ರ ಜನವರಿಯಲ್ಲೇ ಮೊದಲ ಸ್ಥಾನಕ್ಕೆ ಏರಿತ್ತು. 1988ರ ಬೇಸಿಗೆಯಲ್ಲಿ ಆ್ಯಸಿಡ್ ಹೌಸ್ ದೇಶದ ಉದ್ದಗಲಕ್ಕೂ ಹಬ್ಬಿತು. 1987ರ ಆಗಸ್ಟ್‌ನಲ್ಲಿ ಆರಂಭವಾದ ಎಂಟಿವಿ ಯುರೋಪ್ ಒಂದೇ ಸಂಕೇತವನ್ನು ಹಲವು ದೇಶಗಳಿಗೆ ಕಳುಹಿಸುತ್ತಿತ್ತು. ಹತ್ತಾರು ಭಾಷೆಗಳ ವೀಕ್ಷಕರಿಗೆ ಮಾತಿಲ್ಲದ, ತಾಳವೇ ಪ್ರಧಾನವಾದ ಸಂಗೀತ ಸುಲಭವಾಗಿ ಒಗ್ಗಿತೆಂದು ಊಹಿಸುವುದು ಕಷ್ಟವಲ್ಲ. ನೆದರ್ಲೆಂಡ್ಸ್‌ನ ಸಿಮೋನ್ ಏಂಜೆಲ್ ನಿರೂಪಿಸುತ್ತಿದ್ದ ಪಾರ್ಟಿ ಜೋನ್ ಕಾರ್ಯಕ್ರಮ ಕ್ಲಬ್ಬಿಗೆ ಕಾಲಿಡಲಾಗದ ಸಣ್ಣ ಊರುಗಳ ಹುಡುಗ ಹುಡುಗಿಯರಿಗೆ ಆ ಜಗತ್ತಿನ ಬಾಗಿಲನ್ನು ತೆರೆಯಿತು.

ಜರ್ಮನಿಯಲ್ಲಿ 1993ರ ಡಿಸೆಂಬರ್ 1ರಂದು ಕಲೋನ್ ನಗರದಿಂದ ವೀವಾ ಎಂಬ ಸ್ವದೇಶಿ ವಾಹಿನಿ ಆರಂಭವಾಯಿತು. ಅದರ ಹೌಸ್‌ಫ್ರಾವ್ ಕಾರ್ಯಕ್ರಮ ಟೆಕ್ನೋಗೆಂದೇ ಮೀಸಲಾಗಿತ್ತು. 1989ರಲ್ಲಿ ಬರ್ಲಿನ್ನಿನ ಬೀದಿಯಲ್ಲಿ ಸುಮಾರು 150 ಮಂದಿಯಿಂದ ಆರಂಭವಾದ ಲವ್ ಪರೇಡ್ ಮೆರವಣಿಗೆ ಹತ್ತೇ ವರ್ಷಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಸೇರುವ ಉತ್ಸವವಾಗಿದ್ದರ ಹಿಂದೆ ಟಿವಿಯ ಪಾಲು ದೊಡ್ಡದು.

ಅಮೆರಿಕದಲ್ಲಿ ಮಾತ್ರ 1997ರವರೆಗೆ ಏಕೆ ಕಾಯಬೇಕಾಯಿತು?

ಈ ಸಂಗೀತ ಹುಟ್ಟಿದ ದೇಶವೇ ಅದನ್ನು ಕೊನೆಗೆ ಗುರುತಿಸಿತು ಎಂಬುದು ನಿಜಕ್ಕೂ ನೋವಿನ ವಿಷಯ. ಅಮೆರಿಕದ ರೇಡಿಯೋ ಕೇಂದ್ರಗಳು ರಾಕ್, ಪಾಪ್, ಕಂಟ್ರಿ ಎಂದು ಪ್ರಕಾರವಾರು ಹಂಚಿಹೋಗಿದ್ದವು, ಹೌಸ್ ಮತ್ತು ಟೆಕ್ನೋಗಳಿಗೆ ಅವುಗಳಲ್ಲಿ ಜಾಗವಿರಲಿಲ್ಲ. 1979ರ ಜುಲೈ 12ರಂದು ಶಿಕಾಗೋದ ಕ್ರೀಡಾಂಗಣದಲ್ಲಿ ಡಿಸ್ಕೋ ರೆಕಾರ್ಡುಗಳ ರಾಶಿಯನ್ನು ಸ್ಫೋಟಿಸಿ ಸಂಭ್ರಮಿಸಿದ ನಂತರ ಕುಣಿತದ ಸಂಗೀತವೆಂದರೆ ಮೂಗು ಮುರಿಯುವ ಮನೋಭಾವವೂ ಉಳಿದುಕೊಂಡಿತ್ತು.

1994ರಲ್ಲಿ ನಿರ್ವಾಣ ತಂಡದ ಗಾಯಕ ಕರ್ಟ್ ಕೋಬೇನ್ ತೀರಿಕೊಂಡ ಮೇಲೆ ಗ್ರಂಜ್ ರಾಕ್‌ನ ಬಿಸಿ ಇಳಿಯತೊಡಗಿತು. ಮುಂದೇನು ಎಂದು ಹುಡುಕುತ್ತಿದ್ದ ರೆಕಾರ್ಡ್ ಕಂಪನಿಗಳು ಬ್ರಿಟನ್ನಿನತ್ತ ನೋಡಿ, ಅಲ್ಲಿಂದ ಬಂದದ್ದಕ್ಕೆಲ್ಲ ಎಲೆಕ್ಟ್ರಾನಿಕಾ ಎಂಬ ಒಂದೇ ಚೀಟಿ ಅಂಟಿಸಿದವು. ರೇಡಿಯೋ ಬಾಗಿಲು ಮುಚ್ಚಿದ್ದರಿಂದ ಟಿವಿಯೇ ದಾರಿಯಾಯಿತು. 1996ರಲ್ಲಿ ಎಂಟಿವಿ ಆ್ಯಂಪ್ ಎಂಬ ಕಾರ್ಯಕ್ರಮವನ್ನು ಆರಂಭಿಸಿತು. ವಾರಾಂತ್ಯದಲ್ಲಿ, ನಡುರಾತ್ರಿ ಕಳೆದ ಮೇಲೆ ಪ್ರಸಾರವಾಗುತ್ತಿದ್ದ ಅದರಲ್ಲಿ ನಿರೂಪಕರೇ ಇರಲಿಲ್ಲ. ಕಂಪ್ಯೂಟರಿನಲ್ಲಿ ಮಾಡಿದ ಚಿತ್ರಗಳ ನಡುವೆ ಒಂದರಿಂದೊಂದಕ್ಕೆ ಜಾರಿಕೊಳ್ಳುವ ವಿಡಿಯೋಗಳಷ್ಟೇ. ತನ್ನ ಮುಖಕೇಂದ್ರಿತ ಅಭ್ಯಾಸವನ್ನು ಆ ವಾಹಿನಿ ಬಿಟ್ಟುಕೊಟ್ಟಿದ್ದು ಈ ಒಂದು ಕಡೆ ಮಾತ್ರ. ಅದೂ ಹೆಚ್ಚಿನ ಜನ ಮಲಗಿದ ಮೇಲೆ.

ಪ್ರಾಡಿಜಿ ತಂಡದ ಹೆಸರು ಎಲ್ಲರೂ ಮೊದಲು ಹೇಳುವುದೇಕೆ?

ಹಗಲಿನ ಹೊತ್ತಿಗೆ ಬೇಕಾದ ಮುಖವನ್ನು ಒದಗಿಸಿದವರು ಅವರು. ಇಂಗ್ಲೆಂಡಿನ ಎಸೆಕ್ಸ್‌ನ ಲಿಯಾಮ್ ಹೌಲೆಟ್ ಕಟ್ಟಿದ ಆ ತಂಡದಲ್ಲಿ ಕೀತ್ ಫ್ಲಿಂಟ್ ಅದುವರೆಗೆ ವೇದಿಕೆಯ ಮೇಲಿನ ನರ್ತಕ ಮಾತ್ರ. 1996ರ ಫೈರ್‌ಸ್ಟಾರ್ಟರ್‌ನಲ್ಲಿ ಆತ ಮೊದಲ ಬಾರಿಗೆ ಹಾಡಿದ. ನಿರ್ದೇಶಕ ವಾಲ್ಟರ್ ಸ್ಟರ್ನ್ ಅದನ್ನು ಲಂಡನ್ನಿನ ಆಲ್ಡ್‌ವಿಚ್ ಬಳಿಯ, ಬಳಕೆ ನಿಂತಿದ್ದ ಸುರಂಗ ರೈಲುಮಾರ್ಗದಲ್ಲಿ ಕಪ್ಪುಬಿಳುಪಿನಲ್ಲಿ ಚಿತ್ರಿಸಿದರು. ನಡುವೆ ಬೋಳಿಸಿ ಎರಡೂ ಪಕ್ಕ ಕೊಂಬಿನಂತೆ ನಿಲ್ಲಿಸಿದ ಕೂದಲು, ಕಣ್ಣ ಸುತ್ತ ಕಾಡಿಗೆ, ಕ್ಯಾಮೆರಾಕ್ಕೆ ತೀರಾ ಹತ್ತಿರ ಬಂದು ತಲೆ ಅಲುಗಿಸಿ ಕೆಣಕುವ ಫ್ಲಿಂಟ್: ಇಷ್ಟೇ ಅದರಲ್ಲಿರುವುದು. ಬಿಬಿಸಿ ಅದನ್ನು ತೋರಿಸಿದಾಗ ಮಕ್ಕಳು ಹೆದರುತ್ತಾರೆಂದು ದೂರುಗಳು ಬಂದವು. ಹಾಡು ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಮರುವರ್ಷದ ಬೇಸಿಗೆಯಲ್ಲಿ ಬಂದ ಅವರ ಆಲ್ಬಂ ಅಮೆರಿಕದಲ್ಲಿಯೂ ಬಿಡುಗಡೆಯಾದೊಡನೆ ಮೊದಲ ಸ್ಥಾನ ಪಡೆಯಿತು. ಪಂಕ್ ಗಾಯಕನಂತೆ ಕಾಣುವ ಒಬ್ಬ ಮನುಷ್ಯ ಪರದೆಯ ಮೇಲೆ ಇದ್ದುದರಿಂದ ರಾಕ್ ಕೇಳುಗರಿಗೆ ಇದು ತಮ್ಮದೇ ಸಂಗೀತವೆನಿಸಿತು.

ಮುಖ ತೋರಿಸಲು ಒಪ್ಪದವರು ಟಿವಿಯಲ್ಲಿ ಹೇಗೆ ಉಳಿದರು?

ಈ ಕಥೆಯ ಅತ್ಯಂತ ಸೊಗಸಾದ ಭಾಗವಿದು. ಅವರು ತಮ್ಮ ಜಾಗದಲ್ಲಿ ನಿರ್ದೇಶಕರನ್ನು ಮುಂದೆ ಬಿಟ್ಟರು.

ಡಾಫ್ಟ್ ಪಂಕ್ ಎಂಬ ಫ್ರೆಂಚ್ ಜೋಡಿಯ 1997ರ ಅರೌಂಡ್ ದಿ ವರ್ಲ್ಡ್ ವಿಡಿಯೋವನ್ನು ಗಮನವಿಟ್ಟು ನೋಡಿ. ನಿರ್ದೇಶಕ ಮಿಶೆಲ್ ಗೋಂಡ್ರಿ, ನೃತ್ಯ ಸಂಯೋಜಕಿ ಬ್ಲಾಂಕಾ ಲಿ. ಸುತ್ತ ಮೆಟ್ಟಿಲುಗಳಿರುವ ದುಂಡನೆಯ ವೇದಿಕೆಯಲ್ಲಿ ಐದು ಗುಂಪುಗಳು ಕುಣಿಯುತ್ತವೆ. ರೋಬಾಟ್‌ಗಳದು ಯಂತ್ರದ ಮೂಲಕ ಹಾದುಬರುವ ದನಿ, ಈಜುಗಾರ್ತಿಯರ ಉಡುಪಿನವರದು ಕೀಬೋರ್ಡ್, ಅಸ್ಥಿಪಂಜರಗಳದು ಗಿಟಾರ್, ಮಮ್ಮಿಗಳದು ಡ್ರಮ್ ಯಂತ್ರ, ಎತ್ತರದ ಕ್ರೀಡಾಪಟುಗಳದು ಬಾಸ್. ಬಾಸ್‌ನ ಸ್ವರ ಏರಿದಾಗ ಕ್ರೀಡಾಪಟುಗಳು ಮೆಟ್ಟಿಲು ಹತ್ತುತ್ತಾರೆ, ಇಳಿದಾಗ ಇಳಿಯುತ್ತಾರೆ. ಯಾವ ವಾದ್ಯ ನಿಂತರೂ ಆ ಗುಂಪು ನಿಲ್ಲುತ್ತದೆ. ಒಂದೇ ಸಾಲು ಮತ್ತೆ ಮತ್ತೆ ಬರುವ ಈ ಸಂಗೀತ ಬೇಸರ ತರಿಸುತ್ತದೆ ಎನ್ನುವವರಿಗೆ, ಪದರಗಳು ಬಂದು ಹೋಗುವುದನ್ನು ಕಿವಿ ಹೇಗೆ ಹಿಂಬಾಲಿಸಬೇಕೆಂದು ಕಣ್ಣಿನ ಮೂಲಕ ಕಲಿಸಿದ ಪಾಠವದು. ಸಂಗೀತಗಾರರು ಅದರಲ್ಲಿ ಒಂದು ಕ್ಷಣವೂ ಕಾಣಿಸುವುದಿಲ್ಲ. ಇದೇ ಜೋಡಿಯ ಮತ್ತೊಂದು ವಿಡಿಯೋದಲ್ಲಿ ಸ್ಪೈಕ್ ಜೋಂಜ್ ಎಂಬ ನಿರ್ದೇಶಕರು ನಾಯಿತಲೆಯ ಮನುಷ್ಯನೊಬ್ಬನನ್ನು ಕಾಲಿಗೆ ಪಟ್ಟಿ ಕಟ್ಟಿ, ಕೈಗೆ ಟೇಪ್ ರೆಕಾರ್ಡರ್ ಕೊಟ್ಟು ನ್ಯೂಯಾರ್ಕ್ ಬೀದಿಯಲ್ಲಿ ನಡೆಸಿದರು.

ಏಫೆಕ್ಸ್ ಟ್ವಿನ್ ಹೆಸರಿನ ರಿಚರ್ಡ್ ಜೇಮ್ಸ್ ಹಿಡಿದದ್ದು ವಿರುದ್ಧ ದಾರಿ. ಮುಖ ಬೇಕೇ, ತೆಗೆದುಕೊಳ್ಳಿ ಎಂದು ತಮ್ಮ ಮುಖವನ್ನೇ ಅವರು ಮುಖವಾಡವಾಗಿಸಿದರು. ಕ್ರಿಸ್ ಕನ್ನಿಂಗ್‌ಹ್ಯಾಮ್ ನಿರ್ದೇಶನದ 1997ರ ವಿಡಿಯೋ ಒಂದರಲ್ಲಿ ಲಂಡನ್ನಿನ ಪಾಳು ವಸತಿ ಸಮುಚ್ಚಯದಲ್ಲಿ ಮುದುಕಿಯೊಬ್ಬಳು ನಾಯಿಯೊಂದಿಗೆ ಹೋಗುತ್ತಾಳೆ. ಎಸೆದಿದ್ದ ಹಳೆಯ ಟಿವಿಯ ಮೇಲೆ ನಾಯಿ ಕಾಲೆತ್ತುತ್ತದೆ. ಟಿವಿಗೆ ಜೀವ ಬಂದು ಅದರೊಳಗೆ ವಿಕಾರವಾದ ಮುಖ ಮೂಡುತ್ತದೆ. ಜೇಮ್ಸ್ ಅವರ ಮುಖವನ್ನೇ ಹೊತ್ತ ಮಕ್ಕಳ ಗುಂಪು ಓಡಾಡುತ್ತದೆ, ಕೊನೆಗೆ ಟಿವಿಯೊಳಗಿನಿಂದ ರಾಕ್ಷಸನೊಬ್ಬ ಹೊರಬರುತ್ತಾನೆ. ಟಿವಿ ಎಂಬ ಮಾಧ್ಯಮದ ಬಗ್ಗೆ ಈ ಸಂಗೀತ ಹೇಳಿದ ಅತ್ಯಂತ ನೇರವಾದ ಮಾತು ಇದೇ ಎಂದು ನಾನು ನಂಬಿದ್ದೇನೆ.

ಫ್ಯಾಟ್‌ಬಾಯ್ ಸ್ಲಿಮ್ ಎಂಬ ಬ್ರಿಟಿಷ್ ಡಿಜೆಯ ಎರಡು ವಿಡಿಯೋಗಳನ್ನೂ ಇಲ್ಲಿ ಸೇರಿಸಬೇಕು, ಎರಡರ ನಿರ್ದೇಶಕರೂ ಜೋಂಜ್ ಅವರೇ. ಒಂದರಲ್ಲಿ ಸಿನಿಮಾ ಮಂದಿರದ ಸರದಿಯ ಮುಂದೆ, ಯಾರ ಅನುಮತಿಯನ್ನೂ ಪಡೆಯದೆ, ಒಂದು ಹವ್ಯಾಸಿ ತಂಡ ಅಡ್ಡಾದಿಡ್ಡಿ ಕುಣಿಯಿತು. ಅದು 1999ರ ಎಂಟಿವಿ ಸಮಾರಂಭದಲ್ಲಿ ಮೂರು ಪ್ರಶಸ್ತಿ ಗಳಿಸಿತು. ಇನ್ನೊಂದರಲ್ಲಿ ನಟ ಕ್ರಿಸ್ಟೋಫರ್ ವಾಕನ್ ಖಾಲಿ ಹೋಟೆಲಿನಲ್ಲಿ ಒಬ್ಬರೇ ಕುಣಿದರು. ಅದಕ್ಕೆ 2001ರಲ್ಲಿ ಆರು ಪ್ರಶಸ್ತಿಗಳು.

ಯಾವ ವಿಡಿಯೋವನ್ನಾದರೂ ನಿಲ್ಲಿಸಲಾಗಿತ್ತೇ?

ಹೌದು. ಯೋನಾಸ್ ಓಕರ್‌ಲುಂಡ್ ನಿರ್ದೇಶಿಸಿದ, 1997ರ ಕೊನೆಯಲ್ಲಿ ಬಂದ ಪ್ರಾಡಿಜಿ ತಂಡದ ಒಂದು ವಿಡಿಯೋವನ್ನು ಅದರ ಹಿಂಸೆ, ಮಾದಕ ವಸ್ತು ಮತ್ತು ನಗ್ನತೆಯ ದೃಶ್ಯಗಳಿಗಾಗಿ ಅಮೆರಿಕದ ಎಂಟಿವಿ ನಡುರಾತ್ರಿಯ ನಂತರ ಮಾತ್ರ ತೋರಿಸಿ, ಕೆಲವೇ ದಿನಗಳಲ್ಲಿ ಹಿಂತೆಗೆದುಕೊಂಡಿತು. ಹಾಡಿನ ಶೀರ್ಷಿಕೆಯ ಸ್ತ್ರೀದ್ವೇಷದ ಧ್ವನಿಯನ್ನು ಮಹಿಳಾ ಸಂಘಟನೆಗಳು ಖಂಡಿಸಿದವು. ಆ ಖಂಡನೆ ನ್ಯಾಯವಾದದ್ದೆಂದೇ ನನ್ನ ನಿಲುವು. ಮರುವರ್ಷ ಅದೇ ವಾಹಿನಿ ಅದೇ ವಿಡಿಯೋಗೆ ಎರಡು ಪ್ರಶಸ್ತಿ ಕೊಟ್ಟಿತು.

ಶಿಕಾಗೋ ಮತ್ತು ಡೆಟ್ರಾಯಿಟ್‌ನ ಮೂಲಪುರುಷರಿಗೆ ಇದರಿಂದ ಏನು ದಕ್ಕಿತು?

ದಕ್ಕಬೇಕಾದಷ್ಟು ದಕ್ಕಲಿಲ್ಲ. 1997ರ ಎಂಟಿವಿಯಲ್ಲಿ ಮಿಂಚಿದವರ ಪಟ್ಟಿ ತೆಗೆದರೆ ಬಹುಪಾಲು ಬ್ರಿಟನ್ ಮತ್ತು ಫ್ರಾನ್ಸಿನ ಬಿಳಿಯ ಯುವಕರೇ ಕಾಣುತ್ತಾರೆ. ಈ ಸಂಗೀತ ಯುರೋಪಿನಿಂದ ಬಂದದ್ದೆಂಬ ತಪ್ಪು ತಿಳಿವಳಿಕೆ ಅಮೆರಿಕದ ಒಂದಿಡೀ ಪೀಳಿಗೆಯ ತಲೆಯಲ್ಲಿ ಕೂರಲು ಟಿವಿಯೇ ಕಾರಣವಾಯಿತು. ಕೆವಿನ್ ಸಾಂಡರ್ಸನ್ ಅವರ ಇನ್ನರ್ ಸಿಟಿ ತಂಡ 1988ರಲ್ಲೇ ಬ್ರಿಟನ್ನಿನ ಮೊದಲ ಹತ್ತರೊಳಗೆ ಬಂದಿದ್ದರೂ ಸ್ವದೇಶದಲ್ಲಿ ಅಂತಹ ಸ್ವಾಗತ ಸಿಗಲಿಲ್ಲ. 1998ರ ಗ್ರ್ಯಾಮಿ ಸಮಾರಂಭದಲ್ಲಿ ಕೆಮಿಕಲ್ ಬ್ರದರ್ಸ್ ಎಂಬ ಬ್ರಿಟಿಷ್ ಜೋಡಿಗೆ ರಾಕ್ ವಾದ್ಯಸಂಗೀತ ವಿಭಾಗದಲ್ಲಿ ಪ್ರಶಸ್ತಿ ಬಂದಿತು. ಅದೇ ವರ್ಷ ಹೊಸದಾಗಿ ಸ್ಥಾಪಿಸಿದ ರೀಮಿಕ್ಸ್ ಪ್ರಶಸ್ತಿ ಫ್ರಾಂಕಿ ನಕಲ್ಸ್ ಅವರಿಗೆ ಸಂದಿತು. ಹೌಸ್ ಸಂಗೀತದ ಪಿತಾಮಹನಿಗೆ ಸಿಕ್ಕ ಆ ಮನ್ನಣೆ ಬೇರೆಯವರ ಹಾಡುಗಳ ರೀಮಿಕ್ಸಿಗಾಗಿ ಎಂಬುದನ್ನು ಗಮನಿಸಬೇಕು.

ಋಣವನ್ನು ಒಪ್ಪಿಕೊಂಡವರೂ ಇದ್ದರು. ಡಾಫ್ಟ್ ಪಂಕ್ ತಮ್ಮ ಮೊದಲ ಆಲ್ಬಂನ ಒಂದು ಟ್ರ್ಯಾಕಿನಲ್ಲಿ ಗುರುಗಳ ಹೆಸರುಗಳನ್ನೇ ಸಾಲಾಗಿ ಹೇಳಿದರು. 2000ದಲ್ಲಿ ಡೆಟ್ರಾಯಿಟ್ ನಗರದ ಹಾರ್ಟ್ ಪ್ಲಾಜಾದಲ್ಲಿ ಮೊದಲ ಎಲೆಕ್ಟ್ರಾನಿಕ್ ಸಂಗೀತ ಉತ್ಸವ ನಡೆಯಿತು. ತಡವಾಗಿಯಾದರೂ ತವರೂರು ತನ್ನವರನ್ನು ಗುರುತಿಸಿತು.

ಅಂಡರ್‌ಗ್ರೌಂಡ್ ವಲಯ ಇದನ್ನು ವಿರೋಧಿಸಿತೇ?

ಆರಂಭದಿಂದಲೂ. ಪ್ರಾಡಿಜಿ 1991ರಲ್ಲಿ ಮಕ್ಕಳ ಸುರಕ್ಷತೆಯ ಸರ್ಕಾರಿ ಚಿತ್ರದ ಬೆಕ್ಕಿನ ದನಿಯನ್ನು ಬಳಸಿದ ಹಾಡು ಗೆದ್ದಾಗ, ಇದೇ ಹಾಡು ರೇವ್ ಎಂಬ, ರಾತ್ರಿಯಿಡೀ ಕುಣಿಯುವ ಕೂಟಗಳ ಸಂಸ್ಕೃತಿಯನ್ನು ಕೊಂದಿತೇ ಎಂದು ಮಿಕ್ಸ್‌ಮ್ಯಾಗ್ ಪತ್ರಿಕೆ ಕೇಳಿತು. ಡೆಟ್ರಾಯಿಟ್‌ನ ಅಂಡರ್‌ಗ್ರೌಂಡ್ ರೆಸಿಸ್ಟೆನ್ಸ್ ಬಳಗದ ಮೈಕ್ ಬ್ಯಾಂಕ್ಸ್ ಮತ್ತು ಸಂಗಡಿಗರು ಮುಖ ಮುಚ್ಚಿಕೊಂಡೇ ಛಾಯಾಚಿತ್ರ ತೆಗೆಸಿಕೊಳ್ಳುತ್ತಿದ್ದರು, ದೊಡ್ಡ ಕಂಪನಿಗಳೊಡನೆ ವ್ಯವಹಾರ ಬೇಡವೆನ್ನುತ್ತಿದ್ದರು.

ಇದನ್ನು ಬರೀ ಹಟವೆಂದು ತಳ್ಳಿಹಾಕಬಾರದು. ಬ್ರಿಟನ್ನಿನಲ್ಲಿ 1992ರ ಕ್ಯಾಸಲ್‌ಮಾರ್ಟನ್ ಬಯಲಿನ ಭಾರಿ ಕೂಟದ ನಂತರ ಸರ್ಕಾರ 1994ರಲ್ಲಿ ಕಾನೂನು ತಂದು, ಮತ್ತೆ ಮತ್ತೆ ಬರುವ ತಾಳದ ಸಂಗೀತ ನುಡಿಸುವ ಬಯಲು ಕೂಟಗಳನ್ನು ಚದುರಿಸುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟಿತು. ಬಯಲಿನಲ್ಲಿ ಅಪರಾಧವಾಗಬಹುದಾದದ್ದು ಟಿವಿಯಲ್ಲಿ ಲಾಭದಾಯಕ ಸರಕಾಗಿತ್ತು. ಈ ವೈರುಧ್ಯವನ್ನು ಕಣ್ಣಾರೆ ಕಂಡವರಿಗೆ ಸಿಟ್ಟು ಬಂದದ್ದರಲ್ಲಿ ಆಶ್ಚರ್ಯವಿಲ್ಲ.

ಟಿವಿಯಿಂದಾಗಿ ಸಂಗೀತವೇ ಬದಲಾಯಿತೇ?

ಬದಲಾಯಿತು. ಟ್ರ್ಯಾಕುಗಳನ್ನು ಮೂರೂವರೆ ನಾಲ್ಕು ನಿಮಿಷಕ್ಕೆ ಕತ್ತರಿಸಿದ ಆವೃತ್ತಿಗಳು ಬಂದವು, ರಾಕ್ ಗಾಯಕರನ್ನು ಅತಿಥಿಗಳಾಗಿ ಕರೆಯುವುದು ರೂಢಿಯಾಯಿತು. ಕೆಮಿಕಲ್ ಬ್ರದರ್ಸ್‌ಗಾಗಿ 1996ರಲ್ಲಿ ಒಯೇಸಿಸ್‌ನ ನೋಯಲ್ ಗ್ಯಾಲಗರ್ ಹಾಡಿದ್ದು ಅದಕ್ಕೆ ಒಳ್ಳೆಯ ಉದಾಹರಣೆ. ಹತ್ತು ನಿಮಿಷ ನಿಧಾನವಾಗಿ ಕಾವೇರುವ ಗುಣ ಟಿವಿಗೆ ಹೊಂದಲಿಲ್ಲ. ಒಡನೆಯೇ ಹಿಡಿದು ಅಲುಗಾಡಿಸುವ, ಡ್ರಮ್ಮಿನ ಅಬ್ಬರವುಳ್ಳ ಬಿಗ್ ಬೀಟ್ ಮುಂದೆ ಬಂದದ್ದು ಆ ಕಾರಣಕ್ಕೇ. ಅಮೆರಿಕದ ಸಂಗೀತಗಾರ ಮೋಬಿ ಅವರ 1999ರ ಆಲ್ಬಂನ ಪ್ರತಿಯೊಂದು ಟ್ರ್ಯಾಕನ್ನೂ ಜಾಹೀರಾತು, ಸಿನಿಮಾ, ಟಿವಿಗಳ ಬಳಕೆಗೆ ಪರವಾನಗಿ ಕೊಟ್ಟು ಮಾರಲಾಯಿತು. ಅಲ್ಲಿಗೆ ಈ ಸಂಗೀತ ಎಲ್ಲೆಡೆ ಕೇಳಿಸುವ ಹಿನ್ನೆಲೆಯಾಗಿಬಿಟ್ಟಿತು.

ಭಾರತದಲ್ಲಿ, ಅದರಲ್ಲೂ ಕರ್ನಾಟಕದಲ್ಲಿ, ಇದು ತಲುಪಿದ್ದು ಹೇಗೆ?

1991ರಲ್ಲಿ ಹಾಂಗ್‌ಕಾಂಗ್‌ನ ಸ್ಟಾರ್ ಟಿವಿ ಮೂಲಕ ಎಂಟಿವಿ ಇಲ್ಲಿಗೆ ಬಂದಿತು. ಬೆಂಗಳೂರಿನ ಬಡಾವಣೆಗಳಲ್ಲಿ ಮಹಡಿಯ ಮೇಲೆ ಡಿಶ್ ಇಟ್ಟುಕೊಂಡ ಕೇಬಲ್ಲಿನವರು ಮನೆಯಿಂದ ಮನೆಗೆ ತಂತಿ ಎಳೆದ ಕಾಲವದು. 1994ರಲ್ಲಿ ಎಂಟಿವಿ ಸ್ಟಾರ್‌ನಿಂದ ಬೇರೆಯಾದಾಗ ಆ ಜಾಗಕ್ಕೆ ಚಾನೆಲ್ ವಿ ಬಂದಿತು. 1996ರಲ್ಲಿ ಎಂಟಿವಿ ಇಂಡಿಯಾ ಆರಂಭವಾಗಿ, ಬಹುಬೇಗ ಹಿಂದಿ ಸಿನಿಮಾ ಹಾಡುಗಳತ್ತ ವಾಲಿತು. ಆದ್ದರಿಂದ ಯುರೋಪಿನಂತೆ ಇಲ್ಲಿ ಟಿವಿಯಿಂದ ಒಂದು ಚಳವಳಿ ಹುಟ್ಟಲಿಲ್ಲ.

ನಮ್ಮ ಹೆಮ್ಮೆಗೆ ಬೇರೆ ಕಾರಣಗಳಿವೆ. ಲಂಡನ್ನಿನ ತಬಲಾ ವಾದಕ ತಲ್ವಿನ್ ಸಿಂಗ್ ತಬಲಾವನ್ನು ಡ್ರಮ್ ಆ್ಯಂಡ್ ಬಾಸ್ ಎಂಬ ವೇಗದ ತಾಳದ ಎಲೆಕ್ಟ್ರಾನಿಕ್ ಪ್ರಕಾರದ ಜೊತೆ ಬೆಸೆದು 1999ರಲ್ಲಿ ಬ್ರಿಟನ್ನಿನ ಮರ್ಕ್ಯುರಿ ಪ್ರಶಸ್ತಿ ಗೆದ್ದರು. ಅದಕ್ಕೂ ಬಹಳ ಮೊದಲು, 1982ರಲ್ಲಿ, ಮುಂಬಯಿಯ ಸಿನಿಮಾ ವಾದ್ಯಗಾರ ಚರಣ್‌ಜಿತ್ ಸಿಂಗ್ ಅದೇ ಟಿಬಿ-303 ಮತ್ತು ರೋಲೆಂಡ್‌ನದೇ ಡ್ರಮ್ ಯಂತ್ರವಾದ ಟಿಆರ್-808ರಲ್ಲಿ ಭೈರವಿ, ಲಲಿತ್ ಮೊದಲಾದ ಹತ್ತು ರಾಗಗಳನ್ನು ಧ್ವನಿಮುದ್ರಿಸಿದ್ದರು. ಆಗ ಯಾರೂ ಗಮನಿಸದ ಆ ರೆಕಾರ್ಡ್ 2010ರಲ್ಲಿ ಮರುಬಿಡುಗಡೆಯಾದಾಗ, ಅದು ಶಿಕಾಗೋದ ಆ್ಯಸಿಡ್ ಹೌಸ್‌ಗಿಂತ ಐದು ವರ್ಷ ಹಿಂದಿನದೆಂದು ತಿಳಿದು ಕೇಳುಗರು ಬೆರಗಾದರು. ಚರಣ್‌ಜಿತ್ ಅವರ ಕೈಗೆ ಟಿವಿಯೂ ಸಿಗಲಿಲ್ಲ, ಕ್ಲಬ್ಬೂ ಸಿಗಲಿಲ್ಲ.

ಈ ಕಾಲ ಮುಗಿದದ್ದು ಯಾವಾಗ?

ಅಮೆರಿಕದಲ್ಲಿ ಹದಿಹರೆಯದ ಪಾಪ್ ತಾರೆಯರು ಮತ್ತು ರಿಯಾಲಿಟಿ ಶೋಗಳು ಎಂಟಿವಿಯ ಹೊತ್ತನ್ನು ಆವರಿಸುತ್ತಿದ್ದಂತೆ 2001ರಲ್ಲಿ ಆ್ಯಂಪ್ ನಿಂತಿತು. 2005ರಲ್ಲಿ ಯೂಟ್ಯೂಬ್ ಬಂದ ಮೇಲೆ ವಿಡಿಯೋ ನೋಡಲು ವಾಹಿನಿಗಾಗಿ ಕಾಯುವ ಅಗತ್ಯವೇ ಉಳಿಯಲಿಲ್ಲ. ವೀವಾ 2018ರ ಕೊನೆಯ ದಿನ ಪ್ರಸಾರ ನಿಲ್ಲಿಸಿತು.

ಹೊಸದಾಗಿ ನೋಡುವವರು ಎಲ್ಲಿಂದ ಆರಂಭಿಸಬೇಕು?

ಗೋಂಡ್ರಿ, ಜೋಂಜ್ ಮತ್ತು ಕನ್ನಿಂಗ್‌ಹ್ಯಾಮ್ ಅವರ ವಿಡಿಯೋಗಳ ಡಿವಿಡಿ ಸಂಗ್ರಹಗಳು 2003ರಲ್ಲಿ ಬಂದಿದ್ದವು. ಅವುಗಳಲ್ಲಿರುವ ಹೆಚ್ಚಿನವು ಈಗ ಯೂಟ್ಯೂಬಿನಲ್ಲಿ ಸಿಗುತ್ತವೆ. ನಾನು ಮೊದಲು ಸೂಚಿಸುವುದು 2002ರಲ್ಲಿ ಬಂದ, ಕೆಮಿಕಲ್ ಬ್ರದರ್ಸ್‌ಗಾಗಿ ಗೋಂಡ್ರಿ ಮಾಡಿದ ಸ್ಟಾರ್ ಗಿಟಾರ್. ಓಡುವ ರೈಲಿನ ಕಿಟಕಿಯಿಂದ ಕಾಣುವ ದಕ್ಷಿಣ ಫ್ರಾನ್ಸಿನ ನೋಟವಷ್ಟೇ ಅದರಲ್ಲಿದೆ. ಮೊದಲ ಸಲ ಸುಮ್ಮನೆ ನೋಡಿ. ಎರಡನೆಯ ಸಲ ಡ್ರಮ್ಮಿನ ಪೆಟ್ಟನ್ನು ಮಾತ್ರ ಹಿಡಿದು, ಆ ಪೆಟ್ಟಿಗೆ ಸರಿಯಾಗಿ ಕಿಟಕಿಯಾಚೆ ಏನು ಹಾದುಹೋಗುತ್ತದೆ ಎಂದು ಗಮನಿಸಿ. ಮೂರನೆಯ ಸಲ ಕಂಬ, ಕಟ್ಟಡ, ಸೇತುವೆ, ಎದುರಿನ ರೈಲು ಇವುಗಳಲ್ಲಿ ಯಾವುದು ಯಾವ ದನಿಗೆ ಬರುತ್ತದೆಂದು ಬೇರ್ಪಡಿಸಿ ನೋಡಿ. ಸಾಧ್ಯವಾದರೆ ಹೆಡ್‌ಫೋನ್ ಹಾಕಿಕೊಳ್ಳಿ, ಮೊಬೈಲಿಗಿಂತ ದೊಡ್ಡ ಪರದೆಯಲ್ಲಿ ನೋಡಿ. ಇಲ್ಲದಿದ್ದರೆ ದೂರದಲ್ಲಿ ಬರುವ ಸಣ್ಣ ಕಂಬಗಳು ತಪ್ಪಿಹೋಗುತ್ತವೆ.